ಚಿಹಾನಾ, ಭಾರದ್ವಾಜ ಗೋತ್ರ

ಫೆಬ್ರವರಿ 11, 2009. ಸಂಜೆ

ಇವತ್ತು ಮತ್ತೆ ಮೂರು ಕಡೆ ಅಪ್ಲೈ ಮಾಡಿದೆ. ಮಿಷಿಗನ್ನಿನ ಈ ವಾರೆನ್ ಊರಿನಲ್ಲಿ ಹದಿನಾಲ್ಕು ವರ್ಷ ಕಾರಿನ ಬ್ರೇಕ್ ಡಿಸೈನ್ ಮಾಡಿದವನು ಈಗ ಮನೆಯಲ್ಲಿ ಪಾತ್ರೆ ತೊಳೆಯುವುದರಲ್ಲಿ ಸೀನಿಯರ್. ಅನಸೂಯ ಆಸ್ಪತ್ರೆ ಡ್ಯೂಟಿಗೆ ಹೊರಡುವ ಮುಂಚೆ ಸಾರಿಗೆ ಬೇಳೆ ಎಷ್ಟು ಎಂದು ಫ್ರಿಜ್ಜಿಗೆ ಚೀಟಿ ಅಂಟಿಸಿ ಹೋಗುತ್ತಾಳೆ. ಒಳ್ಳೆ ಹೆಂಡತಿ.

ನಿಹಾರಿಕಾ ಸ್ಕೂಲಿನಿಂದ ಬಂದವಳೇ ಕಂಪ್ಯೂಟರ್ ಕಸಿದುಕೊಂಡಳು. ಹದಿಮೂರರ ಮಗಳು. ಯಾರೋ ಚಿಹಾನಾ ಅಂತೆ, ಜಪಾನಿನ ಹಾಡುಗಾರ್ತಿ, ಗುಲಾಬಿ ಕೂದಲು. ಹಾಡಿನಲ್ಲಿ ಶ್ರುತಿ ಎಲ್ಲಿದೆ ಎಂದು ಕೇಳಿದೆ. ಅದಕ್ಕೇ ಮಾತು ಬಿಟ್ಟಿದ್ದಾಳೆ.

ಮಾರ್ಚ್ 3

ಚಿಹಾನಾಳ ಗಂಟಲು ಕೆಟ್ಟು ಆಪರೇಷನ್ ಆಗಿದೆಯಂತೆ. ಹಾಡಿನ ಕಂಪನಿ ಕಾಂಟ್ರಾಕ್ಟ್ ರದ್ದು ಮಾಡಿದೆ. ಹದಿನಾರಕ್ಕೆ ನಂಬರ್ ವನ್, ಇಪ್ಪತ್ತಾರಕ್ಕೆ ಮನೆಗೆ. ಲೇಆಫ್ ಅಂದರೆ ಇದೇ ತಾನೆ. ನಿಹಾರಿಕಾ ಊಟ ಬಿಟ್ಟಳು. ನನ್ನ ಕೆಲಸ ಹೋದ ದಿನ ಎರಡು ಸಲ ಬಡಿಸಿಕೊಂಡಿದ್ದಳು... ಹೊಟ್ಟೆ ಉರಿಯಿತು, ಸುಳ್ಳೇಕೆ.

ಮಾರ್ಚ್ 28, ಶನಿವಾರ — ಷಿಕಾಗೊದಿಂದ ಮರಳಿ

ನನ್ನ ಕೆಲಸಕ್ಕಾಗಿ ಅರ್ಚನೆ ಮಾಡಿಸಲೆಂದೇ ಮುನ್ನೂರು ಮೈಲಿ ಡ್ರೈವ್ ಮಾಡಿ ಅಲ್ಲಿನ ಲೆಮಾಂಟ್ ದೇವಸ್ಥಾನಕ್ಕೆ ಹೋಗಿದ್ದೆವು. ಯುಗಾದಿ ಮಾರನೆ ದಿನ, ಕಾಲಿಡಲು ಜಾಗವಿಲ್ಲ. ಅರ್ಚಕರು ಹೆಸರು ಕೇಳಿದರು. ನನ್ನ ಬಾಯಿಂದ ‘ಜಯಸಿಂಹ’ ಹೊರಡುವಷ್ಟರಲ್ಲಿ ನಿಹಾರಿಕಾ ‘ಚಿಹಾನಾ’ ಎಂದಳು. ಗೋತ್ರ ಕೇಳಿದರು. ಅಭ್ಯಾಸಬಲ — ‘ಭಾರದ್ವಾಜ’ ಎಂದುಬಿಟ್ಟೆ. ಸಂಕಲ್ಪ ಮುಗಿದೇ ಹೋಯಿತು. ಮತ್ತೆ ಮಾಡಿಸೋಣವೆಂದರೆ ಕ್ಯೂ ಬಾಗಿಲು ದಾಟಿತ್ತು.

“ಗೋತ್ರ ಕೊಟ್ಟಾಯ್ತಲ್ಲ, ಇನ್ನು ಅವಳೂ ನಮ್ಮನೆ ಹುಡುಗೀನೇ ರೀ. ನೋಡ್ಕೊಳ್ಳಿ,” ಎಂದು ಅನಸೂಯ ಕಾರಿನಲ್ಲಿ ಮಿಷಿಗನ್ ಬರುವವರೆಗೂ ನಕ್ಕಳು.

ಏಪ್ರಿಲ್ 20

ಶ್ರೀಹರಿ ಫೋನ್ ಮಾಡಿದ್ದ. ನನ್ನ ಕೈಕೆಳಗೆ ಕೆಲಸ ಕಲಿತವನು, ಈಗ ಆಬರ್ನ್ ಹಿಲ್ಸ್‌ನ ಒಂದು ಸಣ್ಣ ಕಂಪನಿಯಲ್ಲಿ ಮ್ಯಾನೇಜರ್. ಟೆಸ್ಟ್ ಟೆಕ್ನಿಷಿಯನ್ ಬೇಕಂತೆ. “ಬೇಜಾರ್ ಮಾಡ್ಕೋಬೇಡಿ ಸರ್, ಇರೋದು ಇದೊಂದೇ. ಶುಕ್ರವಾರದೊಳಗೆ ಹೇಳಿ.”

ಇನ್ನೊಬ್ಬ ಡಿಸೈನ್ ಮಾಡಿದ ಬ್ರೇಕಿಗೆ ನಾನು ಬೋಲ್ಟ್ ಬಿಗಿಯಬೇಕು. ಅದೂ ಶ್ರೀಹರಿ ನೋಡುತ್ತಾ ನಿಂತಿರುವಾಗ. ಆಗಲ್ಲ ಎಂದು ಹೇಳಬೇಕು.

ಏಪ್ರಿಲ್ 23, ಗುರುವಾರ

ಇನ್ನೂ ಹೇಳಿಲ್ಲ.

ಚಿಹಾನಾಳಿಗೆ ಸೀರಿಯಲ್ ಸಿಕ್ಕಿದೆ. ನಿಹಾರಿಕಾ ನನ್ನನ್ನೂ ಕಂಪ್ಯೂಟರ್ ಮುಂದೆ ಎಳೆದು ಕೂರಿಸಿದಳು. ಹೆಣದ ಪಾತ್ರ. ಪೊಲೀಸರು ಬಿಳಿ ಬಟ್ಟೆ ಎತ್ತುತ್ತಾರೆ, ನೋಡುತ್ತಾರೆ, ಮುಚ್ಚುತ್ತಾರೆ. ಅಷ್ಟೇ. ಭಾರದ್ವಾಜ ಗೋತ್ರದ ಹುಡುಗಿಗೆ ಈ ಗತಿಯೇ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು. ನಂಬರ್ ವನ್ ಆಗಿದ್ದವಳು ಇದಕ್ಕೇಕೆ ಒಪ್ಪಿದಳು, ಮರ್ಯಾದೆ ಬೇಡವೇ ಎಂದೆ.

“ಬಟ್ ಶಿ ಈಸ್ ಸೋ ಗುಡ್, ಅಪ್ಪಾ. ಲುಕ್, ಶಿ ಡಸಂಟ್ ಈವನ್ ಬ್ರೀದ್.”

ಮತ್ತೆ ಹಾಕಿ ನೋಡಿದೆವು. ನಿಜ. ಮೂರು ನಿಮಿಷ ರೆಪ್ಪೆ ಕೂಡ ಅಲುಗಿಸಿಲ್ಲ. ಕತ್ತು ಮುಚ್ಚುವಂತೆ ಬಟ್ಟೆ ಎಳೆದಿದ್ದರು — ಆಪರೇಷನ್ ಗಾಯ ಕಾಣದಿರಲೆಂದು ಇರಬೇಕು. ಅಳು ಬಂತು. ಈರುಳ್ಳಿ ಹೆಚ್ಚಲು ಎದ್ದು ಹೋದೆ.

ಏಪ್ರಿಲ್ 24, ಬೆಳಿಗ್ಗೆ 8.50

ಶೇವ್ ಮಾಡಿದೆ. ಗರಾಜಿನಲ್ಲಿ ಹಳೆಯ ಸೇಫ್ಟಿ ಷೂ ಸಿಕ್ಕಿತು. ಅನಸೂಯ ಇವತ್ತು ಬೇಳೆಯ ಚೀಟಿ ಅಂಟಿಸಿಲ್ಲ.

ಫೋನ್ ಕಿವಿಗೆ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿದೆ. ಶ್ರೀಹರಿಯನ್ನು ಇನ್ನು ಏನೆಂದು ಕರೆಯುವುದು? ಅದೊಂದು ಯೋಚಿಸಿಲ್ಲ. ಎತ್ತಿದ. ನಾನೇ ಮೊದಲು ‘ಸರ್’ ಎಂದೆ. ಆ ಕಡೆ ಅವನಿಗೆ ಕೆಮ್ಮು ಹತ್ತಿತು; ಅದು ನಿಲ್ಲುವಷ್ಟರಲ್ಲಿ ‘ಬರ್ತೀನಿ’ ಎಂದುಬಿಟ್ಟೆ.