ಮನೆಯಲ್ಲಿ ಯಾರಿಗೂ ಇಲ್ಲ

ಮಾರ್ಚ್ 3, ರಾತ್ರಿ

1. ಪುಟ್ಟಿ, ಮಗಳ ಮಗಳು. ನಾಲ್ಕು ವರ್ಷ. ಹಗಲೆಲ್ಲ ನಮ್ಮ ಮನೆಯಲ್ಲೇ. ಬಿಡದ ಕೆಮ್ಮು, ಸಂಜೆಯ ಜ್ವರ. ತೂಕ ಇಳಿಯುತ್ತಿದೆ.
2. ಕಫ ಉಗುಳಲು ಬಾರದು, ನುಂಗಿಬಿಡುತ್ತಾಳೆ. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆಯ ದ್ರವ ತೆಗೆಯಲಾಯಿತು.
3. ಪರೀಕ್ಷೆ ನನ್ನ ಲ್ಯಾಬಿನಲ್ಲಿ, ನನ್ನ ಕೈಯಿಂದಲೇ. ಟಿ.ಬಿ. ನೆಗೆಟಿವ್.
4. ಎಕ್ಸ್-ರೇ ಅಸ್ಪಷ್ಟ.

ನಳಿಕೆ ತೆಗೆದ ಮೇಲೆ ಪುಟ್ಟಿ ಕೇಳಿದಳು: "ತಾತ, ನನ್ನಿಂದ ನೀರು ಸೇದ್ತಾರಲ್ಲ, ನಾನೇನು ಬಾವಿನಾ?"

ಮಾರ್ಚ್ 5

ಮಕ್ಕಳ ವೈದ್ಯೆ ವರದಿಯನ್ನು ಬದಿಗೆ ಸರಿಸಿದರು. "ಮಕ್ಕಳಲ್ಲಿ ನೆಗೆಟಿವ್ ಬಂತು ಅಂದ್ರೆ ಕಾಯಿಲೆ ಇಲ್ಲ ಅಂತಲ್ಲ. ನಿಮಗೆ ನಾನು ಹೇಳ್ಬೇಕಾ ಸರ್? ಮನೇಲಿ ದೊಡ್ಡವರಿಗೆ ಯಾರಿಗಾದ್ರೂ ಟಿ.ಬಿ. ಇದ್ಯಾ? ಇದ್ರೆ ಇವತ್ತೇ ಔಷಧಿ ಶುರು ಮಾಡ್ತೀನಿ."

"ಯಾರಿಗೂ ಇಲ್ಲ" ಎಂದೆ. ಪಕ್ಕದಲ್ಲಿ ಹೆಂಡತಿ ಚೀಲದ ಜಿಪ್ ಎಳೆಯುತ್ತಿದ್ದಳು. ಕಾದು ನೋಡುವುದೆಂದಾಯಿತು.

ಮಾರ್ಚ್ 14

ಪುಟ್ಟಿ ಇಂದು ಮೆಟ್ಟಿಲು ಹತ್ತಲಾರದೆ ನಡುವೆಯೇ ಕುಳಿತುಬಿಟ್ಟಳು.

ಮಧ್ಯಾಹ್ನ — ನಮ್ಮೊಂದಿಗೇ ಇರುವ ತಮ್ಮ ಫ್ಲಶ್ ಮಾಡಲು ಮರೆತಿದ್ದ. ಕಿತ್ತಳೆಗೆಂಪು. ಮೂತ್ರಕ್ಕೆ ಆ ಬಣ್ಣ ಕೊಡುವ ಟಿ.ಬಿ. ಮಾತ್ರೆಯನ್ನು ನಾನು ಬಲ್ಲೆ.

"ಬೀಟ್‌ರೂಟ್ ತಿಂದಿದ್ದೆ ಅಣ್ಣ."

"ಬೀಟ್‌ರೂಟ್ ಕಂಡ್ರೆ ಮೂಗು ಮುರೀತೀಯಲ್ಲೋ, ಯಾವಾಗಿನಿಂದ ಈ ಪ್ರೀತಿ?"

ಕೊನೆಗೆ ಒಪ್ಪಿಕೊಂಡ. ಶಾಲೆಯ ವ್ಯಾನ್ ಓಡಿಸುವವನು. ಗೊತ್ತಾದರೆ ಕೆಲಸ ಹೋಗುತ್ತದೆಂದು ದೂರದ ಕ್ಲಿನಿಕ್ಕಿನಲ್ಲಿ ಗುಟ್ಟಾಗಿ ಚಿಕಿತ್ಸೆ. ಪುಟ್ಟಿ ಟಿ.ವಿ. ನೋಡುವುದು ಇವನ ಮಡಿಲಲ್ಲಿ ಕುಳಿತೇ...

"ಅತ್ತಿಗೆಗೆ ಹೇಳಿದ್ದೆ" ಎಂದ.

ಅಂದರೆ ವೈದ್ಯೆಯ ಎದುರು ನಾನು ಇಲ್ಲ ಎಂದಾಗ ಅವಳಿಗೆ ಗೊತ್ತಿತ್ತು.

ಹೆಂಡತಿ ಅಳಲಿಲ್ಲ. "ನಿಮಗೆ ಹೇಳಿದ್ರೆ ಮನೇನೂ ಲ್ಯಾಬ್ ಮಾಡ್ಬಿಡ್ತಿದ್ರಿ. ಅವನನ್ನ ಆಚೆ ಹಾಕ್ತಿದ್ರಿ. ಮಗೂಗೆ ನೆಗೆಟಿವ್ ಅಂತ ನೀವೇ ಅಂದ್ರಿ. ನಂಬಿದೆ."

ಮೂವತ್ತು ವರ್ಷ ಜೊತೆಗಿದ್ದವಳು. ನನ್ನ ವರದಿಯನ್ನೇ ನನಗೆ ಅಡ್ಡ ಹಿಡಿದಳು.

ಮಾರ್ಚ್ 15, ಬೆಳಿಗ್ಗೆ

ತಮ್ಮ ಬಾಗಿಲಲ್ಲಿ ನಿಂತಿದ್ದ. "ಪುಟ್ಟಿಗೋಸ್ಕರ ಡಾಕ್ಟರ್ ಹತ್ರ ನನ್ನ ಕಾಯಿಲೆ ಹೇಳು. ವ್ಯಾನ್ ವಿಷಯ ಮಾತ್ರ ಬಾಯಿ ಬಿಡ್ಬೇಡ ಅಣ್ಣ. ನಿನ್ನ ಕಾಲಿಗೆ ಬೀಳ್ತೀನಿ."

ಆ ವ್ಯಾನಿನಲ್ಲಿಯೂ ಕೆಮ್ಮುವ ಮಗುವಿರಬಹುದು. ಅದರ ಮನೆಯವರೂ ಯಾವುದೋ ವೈದ್ಯರೆದುರು, ನಿಜವೆಂದೇ ನಂಬಿ, ಯಾರಿಗೂ ಇಲ್ಲ ಎನ್ನುತ್ತಿರಬಹುದು.

ಎರಡನ್ನೂ ಹೇಳುತ್ತೇನೆ.