ಕರಿಬಂಡೆಯ ಬಳಿ ಮೆಲ್ಲಗೆ

ಹಮಾಉರಾ, ಹೊಕ್ಕೈಡೊ
ಆಗಸ್ಟ್ ೧೧

ಬಾವುಟದ ಹಿರಿಯರಾದ ತೊಕುಜಿ ಅಣ್ಣನವರಿಗೆ ಮಿಯೊ ಮಾಡುವ ನಮಸ್ಕಾರ.

ಎದುರು ಬಂದರೆ ನೀವು ತಲೆ ತಗ್ಗಿಸಿಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಕಡಲಸೊಪ್ಪು ಕೀಳಲು ಹೋಗಿ ನೀರುಪಾಲಾಗಿ ಇವತ್ತಿಗೆ ಹತ್ತೊಂಬತ್ತು ದಿನ. ದೇಹ ಸಿಗುವ ತನಕ ಯಾರೂ ಸೊಪ್ಪು ಕೀಳಬಾರದೆಂಬ ಊರ ಕಟ್ಟಳೆಯಂತೆ ನೀವು ದೋಣಿಗಳಿಗೆ ಅಪ್ಪಣೆ ಕೊಡುವ ಬಿಳಿ ಬಾವುಟ ಏರಿಸಿಲ್ಲ. ದೋಣಿಗಳೆಲ್ಲ ದಂಡೆಯಲ್ಲಿ ಬೋರಲು ಬಿದ್ದಿವೆ.

ನಿನ್ನೆ ಪಕ್ಕದ ಮನೆಯ ಇಸೆ ಅಜ್ಜಿ ಸೊಸೆಯನ್ನು ಗದರಿಸುತ್ತಿದ್ದಳು: "ಬಾಯ್ಮುಚ್ಚೇ, ಮಿಯೊಗೆ ಕೇಳ್ಸುತ್ತೆ. ಸೊಪ್ಪು ಕೊಳೆತ್ರೆ ಕೊಳೀಲಿ ಬಿಡು." ಅಜ್ಜಿಗೆ ಕಿವುಡು, ಗುಟ್ಟನ್ನೂ ಕೂಗಿಯೇ ಹೇಳುತ್ತಾಳೆ.

ನಾಳೆ ಬಿಳಿ ಬಾವುಟ ಏರಿಸಿ. ಇನ್ನೊಂದು ವಾರ ಕಳೆದರೆ ಎಲೆಗಳು ತುದಿಯಿಂದ ಕರಗತೊಡಗುತ್ತವೆ.

ಅವತ್ತು ಅದನ್ನು ಏರಿಸಿದ್ದಕ್ಕೆ ಕೊರಗಬೇಡಿ. ಮಂಜು ಕವಿಯತೊಡಗಿದ ಕೂಡಲೇ ನೀವು ಕೆಂಪು ಬಾವುಟ ತೋರಿಸಿದಿರಿ, ಉಳಿದವರೆಲ್ಲ ದಡಕ್ಕೆ ತಿರುಗಿದರು. "ನೀವ್ ನಡೀರೋ ಹೇಡಿಗಳಾ, ನಂಗಿನ್ನೊಂದೇ ಹಿಡಿ!" ಎಂದು ಇವರು ಕೂಗಿದ್ದನ್ನು ಹಿಂದಿನ ದೋಣಿಯವರು ಕೇಳಿದ್ದಾರೆ.

ಸೊಪ್ಪು ಒಣಹಾಕುವ ನಮ್ಮ ಕಲ್ಲಂಗಳ ಖಾಲಿ ಇದೆ. ಕಳೆ ಕಿತ್ತಿಟ್ಟಿದ್ದೇನೆ. ಇಸೆ ಅಜ್ಜಿಯ ಮನೆಯವರು ಹರವಿಕೊಳ್ಳಲಿ.

ಒಂದೇ ಕೋರಿಕೆ. ಇವರು ಬಿದ್ದ ಕರಿಬಂಡೆಯ ಬಳಿ ನೀರಡಿಯ ಕಾಡು ದಟ್ಟವಾಗಿದೆ, ಸೊಪ್ಪು ಮೂರಾಳೆತ್ತರ ಬೆಳೆದಿದೆ. ಅಲ್ಲಿ ಕೋಲಿಗೆ ಸೊಪ್ಪು ಸುತ್ತಿ ಎಳೆಯುವಾಗ ಸ್ವಲ್ಪ ಮೆಲ್ಲಗೆ ಎಳೆಯಲು ಎಲ್ಲರಿಗೂ ಹೇಳಿ.

ಇತಿ,
ಮಿಯೊ