ಎರವಲು ತರಗತಿ

ಸಿಯೆರಾ ತಪ್ಪಲು, ಕ್ಯಾಲಿಫೋರ್ನಿಯ
ಮೇ 19, ಭಾನುವಾರ

ಪ್ರೀತಿಯ ಆಲ್ಡನ್,

ಬೈಯುವುದಾದರೆ ಈಗಲೇ ಬೈದುಬಿಡು. ಆದರೆ ಬಾಯಿಬಿಟ್ಟು ಬೈಯಬೇಡ. ಡಾಕ್ಟರು ನಿನಗೆ ದಿನಕ್ಕಿಷ್ಟೇ ಮಾತು ಎಂದು ರೇಷನ್ ಕೊಟ್ಟಿದ್ದಾರೆ, ಅದನ್ನು ನನ್ನ ಮೇಲೆ ದಂಡ ಮಾಡಬೇಡ. ನಿನ್ನ ಪತ್ರ ಬಂದು ಮೂರು ವಾರವಾಗುತ್ತ ಬಂತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದೇನೆ. ಹಾಲು ತೆಗೆಯಲು ಹೋದಾಗಲೆಲ್ಲ ಅದು ನನ್ನನ್ನು ನೋಡುತ್ತದೆ, ನಾನು ಬೇರೆ ಕಡೆ ನೋಡುತ್ತೇನೆ. ಅದರ ಕಾಟಕ್ಕೆ ಈಗ ಹಾಲಿಲ್ಲದ ಕಾಫಿ ಕುಡಿಯುವುದನ್ನು ಕಲಿತಿದ್ದೇನೆ.

ನಿನ್ನ ಅಕ್ಕ ಕೋರೀನ್‌ಳನ್ನು ಕೇಳಿದೆನೆಂದು ಹೇಳು. ಕಡಲ ಮಂಜು ನಿನ್ನ ಗಂಟಲಿಗೆ ಒಗ್ಗಿದೆಯೆಂದು ಓದಿ ಸಮಾಧಾನವಾಯಿತು. ಜನವರಿಯಲ್ಲಿ ಮೂರನೇ ತರಗತಿಗೆ ಕಥೆ ಹೇಳುತ್ತ ಹೇಳುತ್ತ ನಿನ್ನ ದನಿ ಅರ್ಧಕ್ಕೇ ನಿಂತುಹೋದಾಗ, ಪಕ್ಕದ ಕೋಣೆಯಲ್ಲಿದ್ದ ನಾನು ಕಥೆಯೇ ಮುಗಿಯಿತೇನೋ ಅಂದುಕೊಂಡಿದ್ದೆ. ಗಂಟಲಿನ ಗಂಟನ್ನು ಡಾಕ್ಟರು ಬಿಡಿಸಿದರು. ಹೆಣಿಗೆ ಟೀಚರಾಗಿ ಹತ್ತೊಂಬತ್ತು ವರ್ಷ ದಾರದ ಗಂಟು ಬಿಡಿಸಿದವಳು ನಾನು. ಈಗ ಬಿದ್ದಿರುವ ಗಂಟಿನ ತುದಿ ಮಾತ್ರ ನನ್ನ ಕೈಗೆ ಸಿಗುತ್ತಿಲ್ಲ.

ನೀನು ಬರೆದಿದ್ದರಲ್ಲಿ ಮುಖ್ಯವಾದದ್ದು ಒಂದೇ ಮಾತು. ದನಿ ಮರಳಿದೆ, ಆಗಸ್ಟಿನಲ್ಲಿ ಶಾಲೆ ತೆರೆದಾಗ ನನ್ನ ತರಗತಿಗೆ ವಾಪಸು ಬರುತ್ತೇನೆ, ಅಧ್ಯಾಪಕ ಮಂಡಳಿಗೆ ತಿಳಿಸು. ಮಂಡಳಿ ಸೇರುವುದು ಈ ಗುರುವಾರ. ಈ ಮಕ್ಕಳು ನಾಲ್ಕನೆಯದಕ್ಕೆ ಹೋದಾಗ ಮೇಷ್ಟ್ರು ಯಾರು ಎಂದು ಅವತ್ತು ತೀರ್ಮಾನವಾದರೆ ಎಂಟನೆಯವರೆಗೆ ಅವರೇ. ನಮ್ಮಂಥ ವಾಲ್ಡಾರ್ಫ್ ಶಾಲೆಯಲ್ಲಿ ಒಂದು ತರಗತಿಗೆ ಒಬ್ಬರೇ ಮೇಷ್ಟ್ರು ಎಂಬುದನ್ನು ನಿನಗೆ ಹೇಳಬೇಕೇ! ಒಂದನೆಯಿಂದ ಬೆಳೆಸಿದವನು ನೀನು. ಜನವರಿಯಿಂದ ಕುರ್ಚಿ ಆರದಂತೆ ಕಾಯುತ್ತಿರುವವಳು ನಾನು. ಮಂಡಳಿಗೆ ತಿಳಿಸಬೇಕಾದದ್ದು ಒಂದು ಸಾಲು. ಅದನ್ನು ಇನ್ನೂ ತಿಳಿಸಿಲ್ಲ. ಯಾಕೆ ಎಂದು ಕೇಳುವ ಮೊದಲು ಇಲ್ಲಿಯ ಸುದ್ದಿ ಕೇಳು.

ಪರೀಕ್ಷೆ ಮುಗಿಯಿತು. ಪರೀಕ್ಷೆಗಿಂತ ಸ್ವಲ್ಪ ಮೊದಲೇ ನಾನು ಮುಗಿದಿದ್ದೆ. ಚಾರ್ಟರ್ ಶಾಲೆ ಎಂದರೆ ಸರ್ಕಾರದ ದುಡ್ಡು, ನಮ್ಮ ಹುಚ್ಚು. ವರ್ಷವೆಲ್ಲ ಹುಚ್ಚು ನಡೆಯುತ್ತದೆ, ಮೇ ತಿಂಗಳಲ್ಲಿ ಒಂದು ವಾರ ದುಡ್ಡು ತನ್ನ ಹಕ್ಕು ಕೇಳುತ್ತದೆ. ಮೂರನೇ ತರಗತಿಯಿಂದ ಕಂಪ್ಯೂಟರ್ ಮುಂದೆ ಕೂತು ರಾಜ್ಯದ ಪರೀಕ್ಷೆ ಬರೆಯಬೇಕು. ಜೇನುಮೇಣದ ಬಳಪ ಬಿಟ್ಟರೆ ಬೇರೇನನ್ನೂ ಒತ್ತಿ ಗೊತ್ತಿಲ್ಲದ ಮಕ್ಕಳು!

ಪ್ರಿನ್ಸಿಪಾಲ್ ನದೀನ್ ನನ್ನ ಕೋಣೆಗೇ ಬಂದಳು. "ಮಾರ್ಗೊ, ಮೌಸ್ ಹಿಡಿಯೋದನ್ನಾದ್ರೂ ಹೇಳ್ಕೊಡು ತಾಯಿ. ಮುಂದಿನ ವರ್ಷ ನಮ್ ಚಾರ್ಟರ್ ಮುಂದುವರಿಸ್ಬೇಕೋ ಬೇಡ್ವೋ ಅಂತ ಡಿಸ್ಟ್ರಿಕ್ಟಿನೋರು ನೋಡೋದು ಈ ಅಂಕಾನೇ."

"ಇಷ್ಟು ವರ್ಷ ಕಂಪ್ಯೂಟರ್ ಮುಟ್ಬೇಡಿ ಮುಟ್ಬೇಡಿ ಅಂತ ಹೇಳ್ಕೊಂಡು ಬಂದಿದೀನಿ ನದೀನ್. ಈಗ ಯಾವ ಬಾಯಲ್ಲಿ ಮುಟ್ಟಿ ಅನ್ಲಿ?"

"ಕೈ ತೊಳ್ಕೊಂಡು ಮುಟ್ಟಿ ಅನ್ನು. ನಿನ್ ಮನಸ್ಸಿಗೂ ಸಮಾಧಾನ, ಮೌಸ್‌ಗೂ ಕ್ಷೇಮ."

ಪೋಷಕರನ್ನು ಒಪ್ಪಿಸುವುದು ಇನ್ನೊಂದು ಹೋರಾಟ. ನಮ್ಮ ಮಗು ಪರೀಕ್ಷೆಗೆ ಕೂರುವುದಿಲ್ಲ ಎಂದು ಚೀಟಿ ಬರೆದುಕೊಡುವ ಹಕ್ಕು ಅವರಿಗಿದೆ, ಹಾಗೆ ಬಹಳ ಜನ ಕೊಟ್ಟರೆ ಶಾಲೆಗೆ ಪೆಟ್ಟು. ಬ್ರಿಯರ್‌ಳ ಅಪ್ಪ ಗಾರ್ತ್, ಅದೇ ಕೊಳವೆಬಾವಿಯ ಪಂಪು ರಿಪೇರಿ ಮಾಡುತ್ತಾನಲ್ಲ, ಟ್ರಕ್ಕಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ತಡೆದ.

"ಏನ್ ಮಿಸ್ ಮಾರ್ಗೊ, ಹೋದ್ ವರ್ಷ ನೀವೇ ಹೇಳಿದ್ರಿ, ಮಗೂನ ಅಳೆಯೋಕೆ ಟೇಪ್ ಬೇಕಿಲ್ಲ ಅಂತ. ಈ ವರ್ಷ ನೀವೇ ಟೇಪ್ ಹಿಡ್ಕೊಂಡ್ ನಿಂತಿದೀರಲ್ಲ!"

"ಅಳೀತಿರೋದು ಮಗೂನಲ್ಲ ಗಾರ್ತ್, ಶಾಲೇನ. ಟೇಪ್ ಅವರ್ದು, ಸೊಂಟ ನಮ್ದು. ಒಂದ್ ವಾರ ಉಸಿರು ಬಿಗಿಹಿಡಿದು ನಿಲ್ಲೋಣ."

ಅವನು ಬಿದ್ದು ಬಿದ್ದು ನಕ್ಕು ಚೀಟಿಯನ್ನು ಜೇಬಿಗೆ ಹಾಕಿಕೊಂಡ. ಮಗಳು ಪರೀಕ್ಷೆಗೆ ಬಂದಳು. ಮೌಸ್ ಮೇಲೆ ಕೈಯಿಟ್ಟವಳೇ, "ಮಿಸ್ ಮಾರ್ಗೊ, ಇಲಿ ಅಂತೀರಿ, ಇಷ್ಟ್ ತಣ್ಣಗಿದೆ! ಇದಕ್ಕೆ ಚಳಿ ಆಗಲ್ವಾ?" ಅಂದಳು. ಮರುದಿನ ಅವಳ ಇಲಿಗೆ ಕ್ರೋಷಾದಲ್ಲಿ ಹೆಣೆದ ಕುಲಾವಿ ಬಂತು. ವಾರದ ಕೊನೆಗೆ ಇಡೀ ಕೋಣೆಯ ಇಲಿಗಳಿಗೆಲ್ಲ ಬೆಚ್ಚಗಿನ ಟೋಪಿ. ಬಾಣದ ಗುರುತು ತೆರೆಯ ಮೇಲೆ ಎಲ್ಲಿಗೋ ಹೋಗುತ್ತಿತ್ತು, ಆದರೆ ಯಾವ ಇಲಿಗೂ ನೆಗಡಿಯಿರಲಿಲ್ಲ.

ಇನ್ನು ನಿಜವಾದ ಅನಾಹುತ ಕೇಳು. ನಿನ್ನ ಪಾಲೂ ಇದರಲ್ಲಿದೆ. ನಮ್ಮಲ್ಲಿ ಮೊದಲು ಅಂಚು, ಆಮೇಲೆ ಅಕ್ಷರ. ಪುಟದ ಸುತ್ತ ಬಣ್ಣದ ಬೇಲಿ ಹಾಕದೆ ಒಳಗೆ ಮಾತು ಬಿಟ್ಟರೆ ಓಡಿಹೋಗುತ್ತದೆ ಎಂದು ಒಂದನೇ ತರಗತಿಯಲ್ಲಿ ಅವರಿಗೆ ಹೇಳಿಕೊಟ್ಟವನು ನೀನು. ಎರಡನೇ ದಿನ ಪ್ರಬಂಧ ಬರೆಯಬೇಕಿತ್ತು. ತೆರೆಯ ಮೇಲೆ ಒಂದು ಖಾಲಿ ಪೆಟ್ಟಿಗೆ. ಮಕ್ಕಳು ಬಣ್ಣ ಹುಡುಕಿದರು, ಇಲ್ಲ. ಬಳಪ ಹುಡುಕಿದರು, ಇಲ್ಲ. ಕೈಕಟ್ಟಿ ಸುಮ್ಮನೆ ಕೂತರು. ಅಷ್ಟರಲ್ಲಿ ಒಸ್ವಾಲ್ಡೊಗೆ ಕೀಲಿಮಣೆಯಲ್ಲಿ ನಕ್ಷತ್ರ ಸಿಕ್ಕಿಬಿಟ್ಟಿತು. ಒಂದೊಂದೇ ನಕ್ಷತ್ರ ಒತ್ತುತ್ತ ಪೆಟ್ಟಿಗೆಯ ಮೇಲಂಚು ತುಂಬಿದ. ಪಕ್ಕದವಳು ಇಣುಕಿದಳು. ಅವಳ ಪಕ್ಕದವನು ಇಣುಕಿದ. ಸಾಲಿನಿಂದ ಸಾಲಿಗೆ ಸೀತಾಳೆ ಸಿಡುಬಿನಂತೆ ಹಬ್ಬಿತು.

ನಾನು ಮೇಲ್ವಿಚಾರಕಿ. ಪರೀಕ್ಷೆ ನಡೆಯುವಾಗ ಒಂದು ಮಾತೂ ಆಡುವಂತಿಲ್ಲ. ಕೈಪಿಡಿಯಲ್ಲಿ ಅಚ್ಚಾದ ವಾಕ್ಯ ಬಿಟ್ಟು ಬೇರೆ ಹೇಳಿದರೆ ಅಕ್ರಮ. ಬೆನ್ನ ಹಿಂದೆ ಕೈ ಹೊಸೆಯುತ್ತ, ತುಟಿ ಕಚ್ಚುತ್ತ ಆ ಬೆಂಚಿನಿಂದ ಈ ಬೆಂಚಿಗೆ ಓಡಾಡಿದೆ. ತಡೆಯಲಾರದೆ ಒಸ್ವಾಲ್ಡೊನ ಬಳಿ ನಿಂತು ಕೈಪಿಡಿಯ ವಾಕ್ಯವನ್ನೇ ಆದಷ್ಟು ಅರ್ಥ ತುಂಬಿ ಹೇಳಿದೆ: "ನಿಮ್ಮ ಕೈಲಾದಷ್ಟು ಚೆನ್ನಾಗಿ ಮಾಡಿ."

ಅವನು ಹಲ್ಲು ಕಿರಿದು ಎರಡನೇ ಸಾಲು ನಕ್ಷತ್ರ ಶುರು ಮಾಡಿದ.

ಮುಗಿಯುವ ಹೊತ್ತಿಗೆ ಅವನ ಪೆಟ್ಟಿಗೆಯಲ್ಲಿ ಇಡೀ ಆಕಾಶವಿತ್ತು, ನಡುವೆ ಒಂದೇ ವಾಕ್ಯ: "ನಮ್ಮ ಕೋಳಿಗೂಡಿನ ಬಗ್ಗೆ ಹೇಳುವುದು ಬಹಳ ಇದೆ, ಜಾಗ ಇಲ್ಲ." ನದೀನ್‌ಗೆ ಹೇಳಿದೆ. ಅವಳು ಮೇಜಿನ ಮೇಲೆ ತಲೆಯಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಬಗ್ಗಿ ನೋಡಿದೆ. ಎರಡೂ.

ಮಕ್ಕಳು ಕಟ್ಟುತ್ತಿದ್ದ ಕೋಳಿಗೂಡು ಎದ್ದು ನಿಂತಿದೆ. ಅಳತೆಯ ಪಾಠವಲ್ಲವೇ, ಮಕ್ಕಳು ತಮ್ಮ ಪಾದದಿಂದಲೇ ಅಳೆದರು. ಒಂದೊಂದು ಗೋಡೆಗೆ ಒಂದೊಂದು ಮಗುವಿನ ಪಾದ. ಹೀಗಾಗಿ ಗೂಡು ಒಂದು ಕಡೆಗೆ ವಾಲಿಕೊಂಡು, ಗುಟ್ಟು ಹೇಳುವವರ ಹಾಗೆ ನಿಂತಿದೆ. ಕೋಳಿಗಳ ತಕರಾರಿಲ್ಲ.

ನನ್ನ ಕಥೆ ಹೇಳುವ ವೈಖರಿಯನ್ನು ಕೇಳಬೇಡ. ಪುಸ್ತಕ ನೋಡದೆ, ಎದುರು ನಿಂತು, ಮುಖ ನೋಡುತ್ತ ಕಥೆ ಹೇಳುವುದು ನನಗೆ ಹೊಸದು. ಮೊದಲ ವಾರ ಧೈರ್ಯಕ್ಕೆ ಕೈಯಲ್ಲಿ ಹೆಣಿಗೆ ಹಿಡಿದು ನಿಂತೆ. ಕಥೆಯಲ್ಲಿ ತೋಳ ಬಂದಾಗಲೆಲ್ಲ ಕಡ್ಡಿ ಜೋರಾಗಿ ಓಡುತ್ತಿತ್ತು. ಕಥೆ ಮುಗಿದಾಗ ಸ್ವೆಟರಿನ ಒಂದು ತೋಳು ಸಿದ್ಧ. ತೋಳದಿಂದ ತೋಳು ಬಂತಲ್ಲ ಎಂದು ನನ್ನಷ್ಟಕ್ಕೆ ನಾನೇ ನಕ್ಕೆ, ಮಕ್ಕಳು ನಗಲಿಲ್ಲ. "ಮಿಸ್ಟರ್ ಆಲ್ಡನ್ ಆಗಿದ್ರೆ ತೋಳ ಬಂದಾಗ ಮೇಜು ಗುದ್ದೋರು" ಅಂದ ಒಸ್ವಾಲ್ಡೊ. ಮರುದಿನ ನಾನೂ ಗುದ್ದಿದೆ. ಕೈ ಊದಿಕೊಂಡಿತು. "ಪರ್ವಾಗಿಲ್ಲ ಬಿಡಿ, ನೀವು ಹೆಣ್ಕೊಳ್ಳಿ" ಅಂತ ಅವನೇ ರಿಯಾಯಿತಿ ಕೊಟ್ಟ.

ಶುಕ್ರವಾರ ನದೀನ್ ಪಾರ್ಕಿಂಗ್ ಜಾಗದಲ್ಲಿ ಹಿಡಿದುಕೊಂಡಳು.

"ಆಲ್ಡನ್ ಪತ್ರ ಬಂತಾ?"

"ಬಂತು."

"ಏನಂತೆ?"

"ಮಂಜು ಜಾಸ್ತಿಯಂತೆ."

"ನಾಟಕ ಆಡ್ಬೇಡ. ಬರ್ತಾನಂತಾ ಇಲ್ವಂತಾ? ಅವ್ನು ಬರ್ದೇ ಇದ್ರೆ ಎಂಟರವರೆಗೂ ನೀನೇ ಕರ್ಕೊಂಡು ಹೋಗು ಅಂತಾರೆ ಮಂಡಳಿಯೋರು. ನಿನ್ಗೆ ಮನಸ್ಸಿದ್ಯಾ?"

"ನಂಗೆ ನನ್ ಉಣ್ಣೆ ಕೋಣೆ ಇದೆಯಲ್ಲ ನದೀನ್" ಅಂದೆ. ಸುಳ್ಳಲ್ಲ, ಉತ್ತರವೂ ಅಲ್ಲ. ಅವಳು ಕಾರಿನ ಕೀಲಿ ತಿರುಗಿಸುತ್ತ, "ಗುರುವಾರ ಹೇಳ್ಲೇಬೇಕು" ಎಂದು ಹೋದಳು. ಮಂಡಳಿ ಎಂದರೆ ನಿನಗೆ ಗೊತ್ತು: ಮಂಡೆಗಳು ಹಲವು, ಮಂಡೆಬಿಸಿ ಒಂದೇ.

ಕೂತಲ್ಲಿ ಕೂರಲಾಗುತ್ತಿಲ್ಲ ಆಲ್ಡನ್. ಶಾಲೆ ಮುಗಿದ ಮೇಲೆ ಮನೆಗೆ ಹೋಗುವ ಬದಲು ಖಾಲಿ ಕೋಣೆಯಲ್ಲಿ ಸುತ್ತುತ್ತೇನೆ. ಕುರ್ಚಿಗಳನ್ನು ಸರಿಮಾಡುತ್ತೇನೆ, ಸರಿಯಿದ್ದವನ್ನೂ ಸರಿಮಾಡುತ್ತೇನೆ. ಕಪ್ಪುಹಲಗೆಯಲ್ಲಿ ಬಣ್ಣದ ಸೀಮೆಸುಣ್ಣದಿಂದ ಗೋಧಿ ಹೊಲ ಬಿಡಿಸಿ, ಚೆನ್ನಾಗಿಲ್ಲವೆಂದು ಒರೆಸಿ, ಮತ್ತೆ ಅದನ್ನೇ ಬಿಡಿಸುತ್ತೇನೆ. ಹೆಣೆಯಲು ಕೂತರೆ ನಿನ್ನೆ ಹೆಣೆದದ್ದನ್ನು ಬಿಚ್ಚುತ್ತೇನೆ. ದಾರ ಹಿಡಿದೇ ಬದುಕಿದವಳಿಗೆ ದಾರಿ ತಿಳಿಯದಂತಾಗಿದೆ. ಬೇಸಿಗೆ ರಜೆ ಬಂದರೆ ಸರಿಹೋಗುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ, ಕ್ಯಾಲೆಂಡರಿನ ಜೂನ್ ಹಾಳೆಯನ್ನು ಮಾತ್ರ ತೆರೆದು ನೋಡುವುದಿಲ್ಲ.

ಹೋಗಲಿ. ನಿನ್ನ ದನಿ ಗಟ್ಟಿಯಾಗಲಿ. ಕೋರೀನ್ ಮಾಡುವ ಸಪ್ಪೆ ಸೂಪನ್ನು ಮುಖ ಸಿಂಡರಿಸದೆ ಕುಡಿಯುವ ಶಕ್ತಿ ನಿನಗೆ ಬರಲಿ. ಬಿಸಿಲು ಬಿದ್ದ ದಿನ ಕಡಲ ದಂಡೆಯಲ್ಲಿ ನಡೆ, ಗಾಳಿ ಬೀಸಿದ ದಿನ ಕತ್ತಿಗೆ ನಾನು ಕಳಿಸಿದ ಬೂದು ಮಫ್ಲರ್ ಸುತ್ತಿಕೋ. ಮೆಲ್ಲಗೆ ಮಾತಾಡು, ಜೋರಾಗಿ ನಗು. ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ ಎಂದು ಹಾರೈಸುವ

ನಿನ್ನ ಹಳೆಯ ಗೆಳತಿ,
ಮಾರ್ಗೊ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಹರಿದು, ಇದನ್ನು ಬರೆಯುತ್ತಿದ್ದೇನೆ. ನಿನ್ನೆ ಶನಿವಾರ ನಾನು ನೀವಿಬ್ಬರಿರುವ ಫೋರ್ಟ್ ಬ್ರ್ಯಾಗ್‌ಗೆ ಬಂದಿದ್ದೆ. ಎದುರು ಕೂತು ಹೇಳಬೇಕೆಂದು ಬೆಳಿಗ್ಗೆಯೇ ಹೊರಟು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಕೋರೀನ್‌ಳ ಬೇಲಿಯ ಪಕ್ಕ ಕಾರು ನಿಲ್ಲಿಸಿದೆ. ಅಂಗಳದಲ್ಲಿ ನೀನು ಮಡಚುವ ಕುರ್ಚಿಗಳನ್ನು ಸಾಲಾಗಿ ಹಾಕಿಕೊಂಡು, ಯಾರೂ ಇಲ್ಲದ ಆ ಕುರ್ಚಿಗಳಿಗೆ ಕಥೆ ಹೇಳುತ್ತಿದ್ದೆ. ನಾಲ್ಕನೇ ತರಗತಿಗೆ ಹೇಳುವ ಹಿಮನಾಡಿನ ದೇವರುಗಳ ಕಥೆ. ದನಿ ಇನ್ನೂ ಗೊರಗೊರ. ನಡುವೆ ನಿಲ್ಲಿಸಿ, ಎಡಗಡೆಯ ಕುರ್ಚಿಗೆ ಬೆರಳು ತೋರಿಸಿ ನೀನು ಅಂದೆ: "ಬ್ರಿಯರ್, ಕಿಟಕಿ ಆಚೆ ಸಾಕು ಪುಟ್ಟಾ, ಇಲ್ಲಿ ನೋಡು."

ಬ್ರಿಯರ್ ಈಗ ಕಿಟಕಿಯ ಹತ್ತಿರ ಕೂರುವುದಿಲ್ಲ ಆಲ್ಡನ್. ಅವಳಿಗೆ ಹಲಗೆ ಕಾಣುತ್ತಿರಲಿಲ್ಲ, ಅದಕ್ಕೇ ಹೊರಗೆ ನೋಡುತ್ತಿದ್ದಳು. ಮಾರ್ಚಿನಲ್ಲಿ ಕನ್ನಡಕ ಬಂತು. ಈಗ ಮುಂದಿನ ಸಾಲಿನಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಾಳೆ, ಎಷ್ಟೆಂದರೆ ನನಗೇ ನಾಚಿಕೆಯಾಗುತ್ತದೆ.

ನಾನು ಕಾರಿನಿಂದ ಇಳಿಯಲಿಲ್ಲ. ತಿರುಗಿಸಿಕೊಂಡು ಬಂದುಬಿಟ್ಟೆ.

ಬರಬೇಡ ಎಂದು ಕೇಳುವುದಕ್ಕೆ ಬಂದಿದ್ದೆ. ಮಕ್ಕಳ ಒಳ್ಳೆಯದಕ್ಕೆ ಎಂದು ನೆಪ ಹೇಳಲಾರೆ. ಅವರಿಗೆ ನೀನೂ ಆಗುತ್ತೀಯ, ನಾನೂ ಆಗುತ್ತೇನೆ. ನನಗೋಸ್ಕರ ಕೇಳಬೇಕೆಂದಿದ್ದೆ. ಇಷ್ಟು ವರ್ಷ ಎಲ್ಲರ ಮಕ್ಕಳೂ ವಾರಕ್ಕೆರಡು ಸಲ ನನ್ನ ಕೋಣೆಗೆ ಬಂದು, ಕಾಲ್ಚೀಲ ಮುಗಿಸಿಕೊಂಡು, ಅವರವರ ಮೇಷ್ಟ್ರ ಬಳಿಗೆ ಹೋದರು. ಈ ಮಕ್ಕಳು ಹೋದವರು ಮರುದಿನ ಮತ್ತೆ ಬರುತ್ತಾರೆ. ಹಾಗೆ ಮತ್ತೆ ಬರುವುದು ಎಂದರೆ ಏನೆಂದು ನನಗೆ ಗೊತ್ತೇ ಇರಲಿಲ್ಲ.

ಗುರುವಾರ ಮಂಡಳಿಯ ಮುಂದೆ ನಿನ್ನ ಮಾತನ್ನು ಒಂದು ಪದ ಬಿಡದೆ ಓದುತ್ತೇನೆ. ಆಗಸ್ಟಿನಲ್ಲಿ ತರಗತಿಯ ಬಾಗಿಲಲ್ಲಿ ನಿಂತು ನಿನ್ನನ್ನು ಬರಮಾಡಿಕೊಳ್ಳುವವಳೂ ನಾನೇ. ನಗುತ್ತಲೇ ನಿಂತಿರುತ್ತೇನೆ. ಅದನ್ನು ನೋಡಿ, ಮಾರ್ಗೊಗೆ ಸಂತೋಷವಾಗಿದೆ ಎಂದು ಮಾತ್ರ ತಿಳಿಯಬೇಡ.